ಮಸ್ಕಿಯ ಅಶೋಕನೂ ನ್ಯಾಯಾಲಯದ ಅಶೋಕಕುಮಾರನೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಊರ ಮಗ್ಗುಲಿಗೇ ದುರ್ಗದ ಗುಡ್ಡ. ಒಂದರ ಮೇಲೊಂದು ಬಿದ್ದ ದೊಡ್ಡ ದೊಡ್ಡ ಬಂಡೆಗಳು. 1915ನೆಯ ಇಸವಿ ಜನವರಿ 27ರಂದು, ನಿಜಾಮರ ಸಂಸ್ಥಾನದಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಸಿ. ಬೀಡನ್ ಎಂಬ ಎಂಜಿನಿಯರು ಈ ಗುಡ್ಡದ ಬಂಡೆಯೊಂದರ ಮೇಲೆ ಪ್ರಾಚೀನ ಅಕ್ಷರಗಳನ್ನು ಕಂಡರು. ಅರಸಿದ್ದು ಹೊನ್ನು, ದೊರೆತದ್ದು ಒಂದು ಹೆಸರು. ಆದರೆ ಆ ಹೆಸರಿನ ಬೆಲೆಯನ್ನು ಯಾವ ಹೊನ್ನಿನಿಂದಲೂ ತೂಗುವಂತಿರಲಿಲ್ಲ. ಹೇಗೆಂಬುದನ್ನು ಕೇಳಿ.

ಅದಕ್ಕೆ ಎಪ್ಪತ್ತೆಂಟು ವರ್ಷಗಳ ಹಿಂದೆ, ಅಂದರೆ 1837ರಲ್ಲಿ, ಕಲಕತ್ತೆಯ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀ ಲಿಪಿಯ ಒಗಟನ್ನು ಬಿಡಿಸಿದ್ದನು. ದೇಶದ ನಾನಾ ಭಾಗಗಳ ಬಂಡೆಗಳೂ ಕಂಬಗಳೂ ಒಮ್ಮೆಲೇ ಮಾತನಾಡತೊಡಗಿದವು. ಆದರೆ ಮಾತನಾಡುವವನು ಯಾರು? ಎಲ್ಲ ಕಡೆಯೂ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಹೊರತು ಅರಸನ ಸ್ವಂತ ಹೆಸರಿಲ್ಲ. ಸಿಂಹಳದಲ್ಲಿ ದೇವಾನಾಂಪಿಯ ತಿಸ್ಸನೆಂಬ ದೊರೆಯೊಬ್ಬನಿದ್ದುದರಿಂದ ಪ್ರಿನ್ಸೆಪ್ ಮೊದಲು ಇವು ಅವನ ಶಾಸನಗಳೆಂದೇ ಭಾವಿಸಿದನು. ಬಿರುದು ಸರಿಯಾಗಿತ್ತು, ವ್ಯಕ್ತಿ ಬೇರೆಯಾಗಿದ್ದನು. ಅದೇ ವರ್ಷ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಇತಿಹಾಸಗ್ರಂಥಗಳನ್ನು ತಿರುವಿ, ಪ್ರಿಯದರ್ಶಿಯೆಂಬುದು ಮೌರ್ಯ ಚಂದ್ರಗುಪ್ತನ ಮೊಮ್ಮಗನಾದ ಅಶೋಕನ ಹೆಸರೇ ಎಂದು ತೋರಿಸಿದನು. ಊಹೆ ಬಲವಾಯಿತು, ಆದರೂ ಶಿಲೆಯ ಸಾಕ್ಷಿ ಬೇಕಾಗಿತ್ತು. ಆ ಸಾಕ್ಷಿಯನ್ನು ನುಡಿದದ್ದು ನಮ್ಮ ಮಸ್ಕಿಯ ಬಂಡೆ. ಎಚ್. ಕೃಷ್ಣಶಾಸ್ತ್ರಿಗಳು 1915ರಲ್ಲಿಯೇ ಶಾಸನವನ್ನು ಓದಿ ಪ್ರಕಟಿಸಿದರು. ಅದರಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಪಕ್ಕದಲ್ಲಿಯೇ ಅಶೋಕನ ಹೆಸರು ಸ್ಪಷ್ಟವಾಗಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ತುಂಗಭದ್ರೆಯ ಆಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಮೊದಲು ಹೇಳಿದ ಕೀರ್ತಿ ಮಾತ್ರ ಮಸ್ಕಿಯದು.

ಈ ಹಳೆಯ ಕಥೆಯನ್ನು ಈಗ ನಿಮ್ಮ ಮುಂದಿಡುವುದಕ್ಕೆ ಕಾರಣವಿದೆ. ಇಂದು ನಮ್ಮ ದೇಶದ ಉಚ್ಚ ನ್ಯಾಯಾಲಯಗಳಲ್ಲಿ ‘ಅಶೋಕಕುಮಾರ’ನೆಂಬ ಒಬ್ಬ ಪ್ರತಿವಾದಿಯ ಮೇಲೆ ಮೇಲಿಂದ ಮೇಲೆ ದಾವೆ ಹೂಡಲಾಗುತ್ತಿದೆ. ಅವನಿಗೆ ಊರಿಲ್ಲ, ತಂದೆಯ ಹೆಸರಿಲ್ಲ, ಮುಖವಿಲ್ಲ. ಹೊಸ ಚಲನಚಿತ್ರವನ್ನು ಕದ್ದು ಅಂತರಜಾಲಕ್ಕೆ ಹರಿಯಬಿಟ್ಟವನು, ಪುಸ್ತಕವನ್ನು ಪುಟಪುಟವಾಗಿ ನಕಲು ಮಾಡಿ ಮೊಬೈಲಿನಿಂದ ಮೊಬೈಲಿಗೆ ಹಂಚಿದವನು ಯಾರೆಂದು ತಿಳಿಯದಿದ್ದಾಗ ವಾದಿಯು ಅವನಿಗೆ ಇಡುವ ಹೆಸರೇ ಅಶೋಕಕುಮಾರ. ಮೌರ್ಯ ಅಶೋಕನಿಗೂ ಇವನಿಗೂ ಸಂಬಂಧವೇನೂ ಇಲ್ಲ. ದೇಶದ ಉದ್ದಗಲಕ್ಕೂ ಕೇಳಿಬರುವ ಸಾಮಾನ್ಯ ಹೆಸರದು, ಅಷ್ಟೆ. ಆದರೆ ಸಾಮ್ಯವೊಂದು ಮನಸ್ಸಿಗೆ ಹೊಳೆಯದೆ ಇರದು. ಮಸ್ಕಿಯಲ್ಲಿ ಹೆಸರಿಲ್ಲದವನ ನಿಜವಾದ ಹೆಸರು ಸಿಕ್ಕಿತು. ನ್ಯಾಯಾಲಯದಲ್ಲಿ ಹೆಸರಿಲ್ಲದವನಿಗೆ ಒಂದು ಹೆಸರನ್ನು ಕಟ್ಟಿ ಆಮೇಲೆ ಅವನನ್ನು ಹುಡುಕಲು ಹೊರಡುತ್ತಾರೆ. ಈ ಹುಡುಕಾಟ ಹೇಗೆ ಬೆಳೆದುಬಂದಿತು, ಅದರಲ್ಲಿ ಯಾರಿಗೆ ಏನು ಲಾಭ, ಯಾರಿಗೆ ಏನು ಅಪಾಯ ಎಂಬುದನ್ನು ವಿಚಾರ ಮಾಡೋಣ.

ನಕಲು ಮಾಡುವುದು ಎಂದಿನಿಂದಲೂ ಪಾಪವಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ತಾಳೆಗರಿಯ ಕಾಲದಲ್ಲಿ ಅದು ಪುಣ್ಯಕಾರ್ಯವಾಗಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಂದೊಂದು ಪ್ರತಿಗೂ ಒಬ್ಬನು ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಕಂಟದಿಂದ ಕೊರೆಯಬೇಕಾಗಿದ್ದ ಕಾಲವದು. ನಕಲುಗಾರನು ಇಲ್ಲದಿದ್ದರೆ ಕವಿಯೇ ಉಳಿಯುತ್ತಿರಲಿಲ್ಲ. ಅಷ್ಟೇ ಅಲ್ಲ, ಆ ನಕಲುಗಾರನು ತಲೆಮರೆಸಿಕೊಂಡವನೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನದ ಕೊನೆಯಲ್ಲಿ, ಅದನ್ನು ಬರೆದ ಲಿಪಿಕಾರನು ತನ್ನ ಹೆಸರು ಚಪಡನೆಂದು ತಿಳಿಸಿದ್ದಾನೆ. ‘ಲಿಪಿಕಾರ’ನೆಂಬ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಅರಸನು ಬಿರುದಿನ ಮರೆಯಲ್ಲಿ ನಿಂತ ಶಾಸನದಲ್ಲಿ ಪ್ರತಿ ಮಾಡಿದವನು ತನ್ನ ಹೆಸರನ್ನು ಅಭಿಮಾನದಿಂದ ಬಿಟ್ಟುಹೋಗಿದ್ದಾನೆ!

ಇನ್ನು ಕೃತಿಕಾರರ ಮಾತು. ನಮ್ಮ ಶರಣರೂ ದಾಸರೂ ಕೃತಿಯನ್ನು ತಮ್ಮ ಸೊತ್ತೆಂದು ಕಟ್ಟಿಹಾಕಿದವರಲ್ಲ. ಆದರೆ ಯಾರ ನುಡಿಯೆಂಬುದು ಮರೆಯಾಗದಂತೆ ಅಂಕಿತವನ್ನಿಟ್ಟರು. ಮಾನವಿಯ ಜಗನ್ನಾಥದಾಸರ ಪದವು ‘ಜಗನ್ನಾಥವಿಠಲ’ನೆಂದು ಮುಗಿಯುತ್ತದೆ, ಚೀಕಲಪರವಿಯ ವಿಜಯದಾಸರ ಪದವು ‘ವಿಜಯವಿಠಲ’ನೆಂದು. ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ ‘ಅಮರೇಶ್ವರಲಿಂಗ’ವೆಂಬ ಅಂಕಿತವಿದೆ, ಅವನ ಮಡದಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಂಕಿತವೆಂಬುದು ಹೆಸರನ್ನು ಮುಚ್ಚುತ್ತದೆ, ಹಾಗೆಯೇ ಗುರುತನ್ನು ಕಾಯುತ್ತದೆ. ಹಾಡುವವನು ಹಾಡಲಿ, ಬರೆದುಕೊಳ್ಳುವವನು ಬರೆದುಕೊಳ್ಳಲಿ. ಅಂಕಿತವನ್ನು ಮಾತ್ರ ಕಿತ್ತುಹಾಕಬಾರದು. ಕಾಯಿದೆಯಿಲ್ಲದ ಕಾಲದ ಕಾಯಿದೆ ಅದಾಗಿತ್ತೆನ್ನಬಹುದು.

ಅಚ್ಚಿನ ಯಂತ್ರ ಬಂದ ಮೇಲೆ ಲೆಕ್ಕ ತಪ್ಪಿತು. ಒಂದು ಪುಸ್ತಕವನ್ನು ಬರೆಯಲು ವರ್ಷಗಳು ಬೇಕು, ಅದನ್ನು ಕದ್ದು ಅಚ್ಚು ಹಾಕಲು ಕೆಲವು ದಿನಗಳು ಸಾಕು. ಇಂಗ್ಲೆಂಡಿನಲ್ಲಿ 1557ರಲ್ಲಿ ರಾಜಮುದ್ರೆ ಪಡೆದ ಪುಸ್ತಕ ವ್ಯಾಪಾರಿಗಳ ಸಂಘವೇ ಬಹುಕಾಲ ಅಚ್ಚಿನ ಹಕ್ಕನ್ನು ಹಿಡಿದುಕೊಂಡಿತ್ತು; ಬರೆದವನಿಗೆ ಅದರಲ್ಲಿ ಪಾಲು ಅಲ್ಪ. 1710ರಲ್ಲಿ ಜಾರಿಗೆ ಬಂದ ರಾಣಿ ಆ್ಯನಳ ಶಾಸನವು ಮೊದಲ ಬಾರಿಗೆ ಹೊಸ ಪುಸ್ತಕದ ಹಕ್ಕು ಬರೆದವನದೆಂದು ಸಾರಿತು. ಹದಿನಾಲ್ಕು ವರ್ಷ, ಲೇಖಕನು ಆಗಲೂ ಬದುಕಿದ್ದರೆ ಇನ್ನೂ ಹದಿನಾಲ್ಕು ವರ್ಷ. ಆಮೇಲೆ ಅದು ಸರ್ವರ ಸೊತ್ತು. ಬರೆದವನ ಹೊಟ್ಟೆಯೂ ತುಂಬಬೇಕು, ಲೋಕದ ತಿಳಿವೂ ಬೆಳೆಯಬೇಕು ಎಂಬ ಎರಡು ಧ್ಯೇಯಗಳ ರಾಜಿಯೇ ಈ ಅವಧಿ. ಭಾರತದಲ್ಲಿ ಕಂಪನಿ ಸರಕಾರದ 1847ರ ಕಾಯಿದೆ, ಆಮೇಲೆ 1914ರ ಕಾಯಿದೆ, ಕೊನೆಗೆ ನಮ್ಮದೇ ಸಂಸತ್ತಿನ 1957ರ ಕೃತಿಸ್ವಾಮ್ಯ ಕಾಯಿದೆ ಬಂದವು. ಈ ಕೊನೆಯದು 1958ರ ಜನವರಿ 21ರಿಂದ ಜಾರಿಯಲ್ಲಿದೆ. ಅದರಲ್ಲಿ ಲೇಖಕನ ಮರಣಾನಂತರ ಐವತ್ತು ವರ್ಷಗಳೆಂದಿದ್ದ ಅವಧಿಯನ್ನು, ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಿಂದ ಅರವತ್ತಕ್ಕೆ ಏರಿಸಲಾಯಿತು.

ಈ ಕಾಯಿದೆಯಲ್ಲಿ ನಮ್ಮ ವಿಷಯಕ್ಕೆ ತೀರ ಸಂಬಂಧಿಸಿದ ಒಂದು ಕಲಮು ಇದೆ. ಹೆಸರು ಹೇಳದೆ ಅಥವಾ ಕಾವ್ಯನಾಮದಿಂದ ಪ್ರಕಟಿಸಿದ ಕೃತಿಗೂ ರಕ್ಷಣೆಯುಂಟು, ಪ್ರಕಟವಾದ ಮೇಲೆ ಅರವತ್ತು ವರ್ಷ. ಅಷ್ಟರೊಳಗೆ ಕರ್ತೃ ಯಾರೆಂದು ಬಯಲಾದರೆ ಅವನ ಮರಣಾನಂತರದ ಅರವತ್ತು ವರ್ಷ. ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬ ಬಡ ವ್ಯಾಯಾಮ ಶಿಕ್ಷಕನು ತನ್ನ ಕೃತಿಗಳನ್ನು ಹಳೆಯ ಕಾಲದ ಓಲೆಗರಿಯ ಗ್ರಂಥಗಳೆಂದು ಹೇಳಿ ಮೈಸೂರಿಗೆ ಕಳುಹಿಸಿದನು. ಅವನೇ ಮುದ್ದಣನೆಂಬುದು ಲೋಕಕ್ಕೆ ನಿಶ್ಚಯವಾಗಿ ತಿಳಿಯುವ ಹೊತ್ತಿಗೆ ಅವನು ತೀರಿಕೊಂಡು ಬಹುಕಾಲವಾಗಿತ್ತು. ಅಂದಮೇಲೆ ಹೆಸರು ಮರೆಸುವುದೇ ಅಪರಾಧವಲ್ಲ. ಸಂಕೋಚದಿಂದ, ಭಯದಿಂದ, ಭಕ್ತಿಯಿಂದ ಹೆಸರು ಮರೆಸಿದವರುಂಟು. ಕಾನೂನು ಅವರನ್ನು ಗೌರವಿಸುತ್ತದೆ. ತೊಡಕು ಹುಟ್ಟುವುದು, ಕೃತಿ ರಚಿಸಿದವನ ಬದಲು ಕೃತಿ ಕದ್ದವನು ಹೆಸರು ಮರೆಸಿದಾಗ.

ಕ್ಯಾಸೆಟ್ಟಿನ ಕಾಲದಲ್ಲಿ ಈ ತೊಡಕು ದೊಡ್ಡದಾಗಿರಲಿಲ್ಲ. ಕದ್ದ ಹಾಡಿನ ಕ್ಯಾಸೆಟ್ಟು ಮಾರುವವನಿಗೆ ಒಂದು ಅಂಗಡಿ ಬೇಕಾಗಿತ್ತು, ಅಂಗಡಿಗೆ ಒಂದು ಬೀದಿ. ಪೊಲೀಸರು ಹೋಗಿ ಮಾಲನ್ನು ಹಿಡಿಯಬಹುದಾಗಿತ್ತು. 1984ರಲ್ಲಿ ಸಂಸತ್ತು ಶಿಕ್ಷೆಯನ್ನು ಬಿಗಿಗೊಳಿಸಿತು: ಕಡಮೆಯೆಂದರೆ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ಜನರು ‘ಗೂಂಡಾ ಕಾಯಿದೆ’ಯೆಂದು ಕರೆಯುವ ಕರ್ನಾಟಕದ 1985ರ ಕಾಯಿದೆಯ ಉದ್ದನೆಯ ಹೆಸರಿನಲ್ಲಿಯೇ ವಿಡಿಯೋ ಮತ್ತು ಆಡಿಯೋ ಕಳ್ಳನಕಲುಗಾರರೂ ಸೇರಿಕೊಂಡಿದ್ದಾರೆ. 2014ರಲ್ಲಿ ಅದಕ್ಕೆ ‘ಡಿಜಿಟಲ್ ಅಪರಾಧಿ’ಯನ್ನೂ ಸೇರಿಸಿದರು. ವ್ಯಾಪಾರಕ್ಕಾಗಿ ತಿಳಿದೂ ತಿಳಿದೂ ಪುಸ್ತಕ, ಸಂಗೀತ, ಚಲನಚಿತ್ರ, ಸಾಫ್ಟ್‌ವೇರುಗಳ ಕೃತಿಸ್ವಾಮ್ಯವನ್ನು ಮುರಿಯುವವನು ಈ ಮಾತಿನ ವ್ಯಾಪ್ತಿಗೆ ಬರುತ್ತಾನೆ. ಇದು ವಿಚಾರಣೆಗೆ ಮೊದಲೇ ಒಬ್ಬನನ್ನು ಹನ್ನೆರಡು ತಿಂಗಳವರೆಗೂ ಬಂಧನದಲ್ಲಿಡಬಲ್ಲ ಕಾಯಿದೆಯೆಂಬುದನ್ನು ಮರೆಯಬಾರದು. ಹೀಗಾಗಿ, ಹಿಡಿದವನು ಸರಿಯಾದವನೇ ಎಂಬ ಪ್ರಶ್ನೆಗೆ ಇಲ್ಲಿ ಪ್ರಾಣವಿದೆ.

ಅಂತರಜಾಲವು ಅಂಗಡಿಯನ್ನೂ ಬೀದಿಯನ್ನೂ ಅಳಿಸಿಹಾಕಿತು. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಎಂಬ ಏರ್ಪಾಡಿನಿಂದ ಹಾಡುಗಳು ಮನೆಯಿಂದ ಮನೆಗೆ ಬಿಟ್ಟಿಯಾಗಿ ಹರಿದವು. ಮೂಲಕ್ಕೂ ನಕಲಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. 2001ರಲ್ಲಿ ನ್ಯಾಯಾಲಯದ ಆಜ್ಞೆಯಿಂದ ಅದು ನಿಂತಿತು. ಅದರ ಸ್ಥಾನಕ್ಕೆ ಬೇರೆಯವು ಬಂದವು. ಆಗ ಅಲ್ಲಿನ ಧ್ವನಿಮುದ್ರಣ ಕಂಪನಿಗಳ ಸಂಘವು ಕೇಳುಗರ ಮೇಲೆಯೇ ತಿರುಗಿತು. 2003ರ ಸೆಪ್ಟೆಂಬರ್ 8ರಂದು ಒಂದೇ ದಿನ 261 ಜನರ ಮೇಲೆ ದಾವೆ. ಹಾಡುಗಳನ್ನು ಕದ್ದಿಳಿಸಿಕೊಂಡಳೆಂಬ ಆರೋಪಕ್ಕೆ ಗುರಿಯಾದವರಲ್ಲಿ ಒಬ್ಬ ವೃದ್ಧೆಯಿದ್ದಳು. ಆಕೆಯ ಮನೆಯ ಕಂಪ್ಯೂಟರಿನಲ್ಲಿ ಆ ಕಳ್ಳತನದ ಸಾಧನವು ಓಡುವಂತೆಯೇ ಇರಲಿಲ್ಲ! ಕಂಪನಿಗಳು ಆ ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಮೇಲ್ಮನವಿಯ ನ್ಯಾಯಾಲಯವೊಂದು, ದಾವೆ ಹೂಡದೆ ಬರಿಯ ಚೀಟಿಯಿಂದ ಚಂದಾದಾರನ ಹೆಸರನ್ನು ಕೇಳಿ ಪಡೆಯಲಾಗದೆಂದು ತೀರ್ಮಾನಿಸಿತು. ಸಂಘವು ಬಿಡಲಿಲ್ಲ, 2004ರ ಜನವರಿಯಲ್ಲಿ 532 ಮಂದಿ ಅನಾಮಿಕರ ಮೇಲೆ, ಬರಿಯ ಅಂತರಜಾಲ ವಿಳಾಸಗಳನ್ನು ಹಿಡಿದು, ದಾವೆ ಹೂಡಿತು.

ಈ ‘ಅಂತರಜಾಲ ವಿಳಾಸ’ವೆಂದರೇನು? ಐ.ಪಿ. ವಿಳಾಸವೆಂದು ಕರೆಯುವ ಒಂದು ಸಂಖ್ಯೆಯದು. ನಿಮ್ಮ ಮನೆಯ ಯಂತ್ರವು ಹೊರಲೋಕದೊಡನೆ ಮಾತನಾಡುವಾಗ ಈ ಸಂಖ್ಯೆಯು ಅಲ್ಲಿ ದಾಖಲಾಗುತ್ತದೆ. ಯಾವ ದಿನ, ಯಾವ ಹೊತ್ತಿನಲ್ಲಿ ಆ ಸಂಖ್ಯೆ ಯಾರಿಗೆ ಕೊಟ್ಟಿದ್ದೆಂಬುದು ಸಂಪರ್ಕ ಒದಗಿಸುವ ಕಂಪನಿಯ ಲೆಕ್ಕದಲ್ಲಿರುತ್ತದೆ. ಆದರೆ ಅದು ಮನುಷ್ಯನ ಹೆಸರಲ್ಲ. ಒಂದು ಮನೆಯಲ್ಲಿ ತಂದೆ, ಮಗ, ಸೊಸೆ, ಬಂದುಹೋಗುವ ನೆಂಟರು ಎಲ್ಲರಿಗೂ ಒಂದೇ ಸಂಖ್ಯೆ. ಮೊಬೈಲ್ ಕಂಪನಿಗಳಂತೂ ಒಂದು ಸಂಖ್ಯೆಯನ್ನು ಏಕಕಾಲಕ್ಕೆ ಅನೇಕ ಚಂದಾದಾರರಿಗೆ ಹಂಚುವುದುಂಟು. ಗಂಟೆ, ನಿಮಿಷ, ಸೆಕೆಂಡುಗಳ ಲೆಕ್ಕ ತಪ್ಪಿದರೆ ತಪ್ಪಿದವನ ಬಾಗಿಲನ್ನೇ ತಟ್ಟಿದಂತಾಗುವುದು. ಜಾಣ ಕಳ್ಳನು ಬೇರೆ ದೇಶದ ಯಂತ್ರವೊಂದರ ಮೂಲಕ ಸುತ್ತಿ ಬಂದು ತನ್ನ ಸಂಖ್ಯೆಯನ್ನೇ ತೋರಗೊಡುವುದಿಲ್ಲ. ‘ದೇವಾನಾಂಪ್ರಿಯ’ನೆಂಬ ಬಿರುದನ್ನು ಕಂಡು ಪ್ರಿನ್ಸೆಪ್ ಸಿಂಹಳದ ತಿಸ್ಸನೆಂದು ಭ್ರಮಿಸಿದನಷ್ಟೆ! ಐ.ಪಿ. ವಿಳಾಸವೂ ಇಂಥದೊಂದು ಬಿರುದು: ಗುರುತಿನ ಆರಂಭವೇ ಹೊರತು ಗುರುತಿನ ಕೊನೆಯಲ್ಲ. ವ್ಯತ್ಯಾಸವೊಂದೇ. ಪ್ರಿನ್ಸೆಪ್‌ನ ತಪ್ಪಿನಿಂದ ಯಾರೂ ಸೆರೆಮನೆಗೆ ಹೋಗಲಿಲ್ಲ.

ಹೆಸರಿಲ್ಲದವನ ಮೇಲೆ ದಾವೆ ಹೂಡುವ ಈ ಪದ್ಧತಿ ಎಲ್ಲಿಂದ ಬಂದಿತೆಂದು ನೀವು ಕೇಳಬಹುದು. ಹಳೆಯ ಇಂಗ್ಲೆಂಡಿನಲ್ಲಿ ಭೂಮಿಯ ವ್ಯಾಜ್ಯಗಳನ್ನು ಸುಲಭವಾಗಿ ನಡೆಸುವುದಕ್ಕಾಗಿ ವಕೀಲರು ಜಾನ್ ಡೋ, ರಿಚರ್ಡ್ ರೋ ಎಂಬಿಬ್ಬರು ಇಲ್ಲದ ಮನುಷ್ಯರನ್ನು ಕಲ್ಪಿಸಿಕೊಂಡಿದ್ದರು. 1852ರಲ್ಲಿ ಆ ನಾಟಕವನ್ನು ಕಾಯಿದೆಯಿಂದಲೇ ನಿಲ್ಲಿಸಲಾಯಿತಾದರೂ ಜಾನ್ ಡೋ ಸಾಯಲಿಲ್ಲ; ಹಡಗು ಹತ್ತಿ ಅಮೆರಿಕಕ್ಕೆ ಹೋದನೆನ್ನಿ. ನಮ್ಮ ದೇಶಕ್ಕೆ ಅವನು ಕಾಲಿಟ್ಟದ್ದು 2002ರಲ್ಲಿ, ಕೊರಿಯಾ ಮತ್ತು ಜಪಾನಿನಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲಿನ ಬೆನ್ನಿಗೆ. ಪಂದ್ಯಗಳ ಪ್ರಸಾರದ ಹಕ್ಕು ಟೆನ್ ಸ್ಪೋರ್ಟ್ಸ್ ವಾಹಿನಿಯದಾಗಿತ್ತು. ಊರೂರಿನ ಕೇಬಲ್‌ನವರು ಹಣ ಕೊಡದೆ ತೋರಿಸತೊಡಗಿದರೆ ಯಾರ ಯಾರ ಹೆಸರು ಹುಡುಕುವುದು? ಹುಡುಕುವಷ್ಟರಲ್ಲಿ ಪಂದ್ಯವೇ ಮುಗಿದುಹೋಗುವುದು. ದಿಲ್ಲಿ ಉಚ್ಚ ನ್ಯಾಯಾಲಯವು ಹೆಸರು ತಿಳಿಯದವರ ಮೇಲೂ ತಡೆಯಾಜ್ಞೆ ಕೊಟ್ಟು, ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲು ಆಯುಕ್ತರನ್ನು ನೇಮಿಸಿತು. ಕಾಲಕ್ರಮದಲ್ಲಿ ಜಾನ್ ಡೋ ನಮ್ಮ ಮಣ್ಣಿನಲ್ಲಿ ಅಶೋಕಕುಮಾರನಾದನು.

ಈ ಅಸ್ತ್ರವು ಎಷ್ಟು ಅಗಲವಾಗಿ ಬೀಸಬಲ್ಲುದೆಂಬುದು 2012ರಲ್ಲಿ ಕಂಡುಬಂದಿತು. ‘ಕೊಲವೆರಿ’ ಹಾಡಿನಿಂದ ಮನೆಮಾತಾದ ‘3’ ಎಂಬ ತಮಿಳು ಚಿತ್ರದ ನಿರ್ಮಾಪಕರು ಮದರಾಸು ಉಚ್ಚ ನ್ಯಾಯಾಲಯದಿಂದ ಅಜ್ಞಾತ ನಕಲುಗಾರರ ವಿರುದ್ಧ ಆಜ್ಞೆ ತಂದರು. ಅದನ್ನು ಹಿಡಿದು ಅಂತರಜಾಲ ಕಂಪನಿಗಳು ಕಳ್ಳಪ್ರತಿಯಿದ್ದ ಪುಟಗಳನ್ನಷ್ಟೇ ಮುಚ್ಚದೆ, ಜನರು ತಮ್ಮ ಸ್ವಂತ ಚಿತ್ರಗಳನ್ನಿಟ್ಟಿದ್ದ ವಿಮಿಯೋ, ಡೈಲಿಮೋಷನ್‌ಗಳಂಥ ತಾಣಗಳನ್ನು ಇಡಿಯಾಗಿ ಮುಚ್ಚಿದವು. ಒಂದು ಅಂಗಡಿಯಲ್ಲಿ ಕಳ್ಳಮಾಲಿದೆಯೆಂದು ಸಂತೆಯನ್ನೇ ಎಬ್ಬಿಸಿದಂತಾಯಿತು. ಆ ಜೂನ್ 9ರಂದು ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ತರುಣರು ಮುಖವಾಡ ಧರಿಸಿ ಬೀದಿಗಿಳಿದರು; ಅನಾಮಿಕತೆಯೇ ಅವರ ಬಾವುಟವಾಗಿತ್ತು. ಅದೇ ತಿಂಗಳ 22ರಂದು ನ್ಯಾಯಾಲಯವು, ತನ್ನ ಆಜ್ಞೆಯು ಕಳ್ಳಪ್ರತಿಯಿರುವ ನಿರ್ದಿಷ್ಟ ಪುಟಗಳಿಗೆ ಮಾತ್ರ ಅನ್ವಯಿಸುವುದೆಂದು ಸ್ಪಷ್ಟಪಡಿಸಿತು.

ಅಲ್ಲಿಂದ ಮುಂದೆ ನ್ಯಾಯಾಲಯಗಳು ಎರಡೂ ಕಡೆಯ ನೋವನ್ನು ತೂಗಿ ನೋಡಲು ಕಲಿಯುತ್ತ ಬಂದಿವೆ. 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಗೌತಮ ಪಟೇಲರು, ಮುಚ್ಚಬೇಕಾದ ಪುಟಗಳ ಪಟ್ಟಿಯನ್ನು ಪರೀಕ್ಷಿಸಿ ಪ್ರಮಾಣಪತ್ರದೊಡನೆ ತನ್ನಿರೆಂದು ನಿರ್ಮಾಪಕರಿಗೆ ಹೇಳಿದರು. ತಪ್ಪಾಗಿ ಮುಚ್ಚಲ್ಪಟ್ಟವನು ನ್ಯಾಯಾಲಯಕ್ಕೆ ಬರಲು ದಾರಿಯನ್ನೂ ತೋರಿಸಬೇಕೆಂದರು. ಆಗ ಮುಚ್ಚಿದ ಪುಟಗಳಲ್ಲಿ, ಇದನ್ನು ನೋಡುವುದೇ ಶಿಕ್ಷಾರ್ಹವೆಂಬ ಬೆದರಿಕೆಯ ಮಾತು ಕಾಣುತ್ತಿತ್ತು. ಕೃತಿಸ್ವಾಮ್ಯ ಕಾಯಿದೆಯಲ್ಲಿ ಅಪರಾಧವು ನೋಡುವುದರಲ್ಲಿಲ್ಲ, ಅನುಮತಿಯಿಲ್ಲದೆ ಹಂಚುವುದರಲ್ಲಿ, ಸಾರ್ವಜನಿಕವಾಗಿ ತೋರಿಸುವುದರಲ್ಲಿ, ಮಾರುವುದರಲ್ಲಿ ಇದೆಯೆಂದು ಹೇಳಿ ಅದನ್ನು ತೆಗೆಸಿದರು. 2019ರ ಏಪ್ರಿಲಿನಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯವು ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಒಂದು ಕಳ್ಳತಾಣವನ್ನು ಮುಚ್ಚಿದರೆ ಮರುದಿನ ಅಕ್ಷರವೊಂದನ್ನು ಬದಲಿಸಿ ಇನ್ನೊಂದು ಏಳುತ್ತಿತ್ತು. ರಕ್ತಬೀಜಾಸುರನ ಕಥೆಯಂತೆ! ಅಂಥ ಹೊಸ ರೂಪಗಳನ್ನು ಪ್ರತಿಸಲ ಹೊಸ ದಾವೆಯಿಲ್ಲದೆ ಅದೇ ಆಜ್ಞೆಗೆ ಸೇರಿಸಬಹುದೆಂದಿತು. ಯಾವುದು ನಿಜವಾಗಿ ಕಳ್ಳತಾಣವೆಂದು ತಿಳಿಯಲು ಕೊಟ್ಟ ಲಕ್ಷಣಗಳಲ್ಲಿ ಒಂದು ಇದು: ನಡೆಸುವವನ ಗುರುತನ್ನು ಮರೆಮಾಡಿರುವುದು. 2023ರಲ್ಲಿ ಸಂಸತ್ತು ಚಲನಚಿತ್ರ ಕಾಯಿದೆಗೆ ತಿದ್ದುಪಡಿ ತಂದು, ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವನಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನು ವಿಧಿಸಿತು. ದಂಡವು ಮೂರು ಲಕ್ಷ ರೂಪಾಯಿಗೆ ಕಡಮೆಯಾಗುವಂತಿಲ್ಲ. ಚಿತ್ರ ನಿರ್ಮಾಣದ ಒಟ್ಟು ವೆಚ್ಚದ ನೂರಕ್ಕೆ ಐದರಷ್ಟರವರೆಗೂ ಏರಬಹುದು.

ಚಲನಚಿತ್ರದ ಮಾತು ದೊಡ್ಡವರ ಮಾತೆಂದು ನೀವು ಅನ್ನಬಹುದು. ಹಾಗಾದರೆ ನಮ್ಮ ಮನೆಗಳಿಗೆ ತೀರ ಹತ್ತಿರದ ಒಂದು ಪ್ರಕರಣವನ್ನು ನೋಡಿ. ಸರಕಾರಿ ಕೆಲಸದ ಪರೀಕ್ಷೆಗಳಿಗೆ ಇಂಗ್ಲಿಷ್ ಕಲಿಸುವ ನೀತು ಸಿಂಗ್ ಎಂಬ ಶಿಕ್ಷಕಿಯ ಪುಸ್ತಕಗಳೂ ಪಾಠಗಳೂ ಟೆಲಿಗ್ರಾಂ ಎಂಬ ಮೊಬೈಲ್ ಸಾಧನದಲ್ಲಿ ಅನಾಮಿಕರ ಕೈಯಿಂದ ಕೈಗೆ ಹರಿದಾಡುತ್ತಿದ್ದವು. ಒಂದನ್ನು ಮುಚ್ಚಿಸಿದರೆ ಹತ್ತು ತೆರೆಯುತ್ತಿದ್ದವು. ಆಕೆ ದಿಲ್ಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. ತಮ್ಮ ದತ್ತಾಂಶವು ಸಿಂಗಾಪುರದಲ್ಲಿದೆ, ಅಲ್ಲಿನ ಕಾನೂನಿನಂತೆ ಬಳಸುವವರ ಗುಟ್ಟನ್ನು ಬಿಡಲಾಗದೆಂದು ಟೆಲಿಗ್ರಾಂ ವಾದಿಸಿತು. 2022ರ ಆಗಸ್ಟ್ 30ರಂದು ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು ಆ ವಾದವನ್ನು ಒಪ್ಪಲಿಲ್ಲ. ಕಳವಿಗೆ ಗುಟ್ಟು ರಕ್ಷಾಕವಚವಾಗದೆಂದು ಹೇಳಿ ನಡೆಸುವವರ ವಿವರಗಳನ್ನು ಕೊಡಲು ಆಜ್ಞಾಪಿಸಿದರು. ಟೆಲಿಗ್ರಾಂ ಹೆಸರು, ಫೋನ್ ಸಂಖ್ಯೆ, ಐ.ಪಿ. ವಿಳಾಸಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಒಪ್ಪಿಸಿತು. ಆ ನವೆಂಬರಿನಲ್ಲಿ ನ್ಯಾಯಾಲಯವು ವಿವರಗಳನ್ನು ವಾದಿಗೆ ಕೊಟ್ಟಿತಾದರೂ, ದಾವೆಯ ಕೆಲಸಕ್ಕಲ್ಲದೆ ಹೊರಗೆ ಯಾರಿಗೂ ತಿಳಿಸಕೂಡದೆಂದು ಕಟ್ಟು ಹಾಕಿತು. ಮುಖವಾಡವನ್ನು ತೆಗೆಸಬೇಕು, ಆದರೆ ಸಂತೆಯ ನಡುವೆ ತೆಗೆಸಬಾರದು. ಈ ತೀರ್ಮಾನದ ತಿರುಳು ಇಷ್ಟೇ.

ಆ ಎಚ್ಚರಿಕೆಗೆ ಸಂವಿಧಾನದ ಆಧಾರವೂ ಇದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರಷ್ಟೆ. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಒಬ್ಬನ ಖಾಸಗಿತನದೊಳಗೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಹಾಕಿದ ಕೈ ಅಗತ್ಯಕ್ಕಿಂತ ಆಳಕ್ಕೆ ಹೋಗಬಾರದು ಎಂಬ ಅಳತೆಗೋಲು ಆಗ ದೊರೆಯಿತು. ಲಂಚವನ್ನು ಬಯಲಿಗೆಳೆಯುವವನಿಗೆ, ಮನೆಯ ಕಷ್ಟವನ್ನು ಹೇಳಿಕೊಳ್ಳುವ ಹೆಣ್ಣುಮಗಳಿಗೆ, ಹೊಸದಾಗಿ ಬರೆಯುವ ಸಂಕೋಚದ ತರುಣನಿಗೆ ಅನಾಮಿಕತೆಯು ಆಸರೆ. ಕಳ್ಳನೊಬ್ಬನನ್ನು ಹಿಡಿಯುವ ನೆಪದಲ್ಲಿ ಈ ಆಸರೆಯನ್ನೆಲ್ಲ ಕಿತ್ತುಹಾಕಿದರೆ ನಷ್ಟ ಎಲ್ಲರದು.

ಎಲ್ಲ ನಕಲೂ ಕಳವಲ್ಲವೆಂಬ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಭ್ಯಾಸಕ್ಕೆ, ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳುವುದನ್ನು ನಮ್ಮ ಕಾಯಿದೆಯ 52ನೆಯ ಕಲಮು ಬಿಟ್ಟುಕೊಟ್ಟಿದೆ. ದಿಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ನಕಲಂಗಡಿಯು ವಿದ್ಯಾರ್ಥಿಗಳಿಗಾಗಿ ಪಠ್ಯಭಾಗಗಳನ್ನು ಜೋಡಿಸಿಕೊಟ್ಟುದು ತಪ್ಪಲ್ಲವೆಂದು 2016ರಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯ ಹೇಳಿತು. ನಮ್ಮ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕು ಅವರ ಮರಣಶಾಸನದ ಮೂಲಕ ಮಾಲಿನಿ ಮಲ್ಯರಿಗೆ ಸೇರಿದುದು. ಅದನ್ನು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯುವಾಗಲೂ, ಇದೇ 52ನೆಯ ಕಲಮು ಒಪ್ಪುವ ಪ್ರದರ್ಶನಗಳಿಗೆ ಎಡೆಯುಂಟೆಂದು ಸೇರಿಸಿಯೇ ತೀರ್ಪಿತ್ತಿತು. ಹನ್ನೆರಡನೆಯ ಶತಮಾನದ ವಚನಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಇಂದಿನ ವಿದ್ವಾಂಸನು ಅದಕ್ಕೆ ಬರೆದ ಟಿಪ್ಪಣಿ ಆ ವಿದ್ವಾಂಸನದೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಕನ್ನಡದ ಪುಸ್ತಕ ಸಾಮಾನ್ಯವಾಗಿ ಲಕ್ಷಗಟ್ಟಲೆ ಮಾರಾಟವಾಗುವ ಸರಕಲ್ಲ. ಹತ್ತು ವರ್ಷ ತಿರುಗಾಡಿ ಬರೆದ ಪುಸ್ತಕವೊಂದು ಬಿಡುಗಡೆಯಾದ ವಾರದಲ್ಲಿಯೇ ಮುಖಪುಟದಿಂದ ಬೆನ್ನುಪುಟದವರೆಗೆ ಮೊಬೈಲಿನ ಗುಂಪುಗಳಲ್ಲಿ ಹರಿದಾಡಿದರೆ, ಎರಡನೆಯ ಮುದ್ರಣಕ್ಕೆ ಪ್ರಕಾಶಕನು ಹಿಂಜರಿಯುತ್ತಾನೆ; ಎರಡನೆಯ ಪುಸ್ತಕಕ್ಕೆ ಲೇಖಕನು ಹಿಂಜರಿಯುತ್ತಾನೆ. ಇತ್ತ ಲಿಂಗಸುಗೂರಿನ ಹುಡುಗನೊಬ್ಬನು ಪರೀಕ್ಷೆಯ ಪುಸ್ತಕ ಕೊಳ್ಳಲು ಹಣವಿ಼ಲ್ಲದೆ ಆ ಕಳ್ಳಪ್ರತಿಯನ್ನೇ ನಂಬಿರುವುದೂ ಸುಳ್ಳಲ್ಲ. ಅವನನ್ನು ಕಳ್ಳನೆಂದು ಕರೆಯುವುದಕ್ಕೆ ಮೊದಲು ಊರಿನ ಗ್ರಂಥಾಲಯದ ಕಪಾಟಿನಲ್ಲಿ ಆ ಪುಸ್ತಕವಿದೆಯೇ ಎಂದು ಕೇಳಬೇಕಾದುದು ನಮ್ಮ ಕರ್ತವ್ಯ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಮನೆ ಕಂದಾಯದೊಡನೆ ನಾವು ಕರ ಕೊಡುತ್ತಲೇ ಇದ್ದೇವೆ. ಗ್ರಂಥಾಲಯ ಬಲವಾದಲ್ಲಿ ಅಶೋಕಕುಮಾರನ ವ್ಯಾಪಾರ ಸೊರಗುವುದು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡನು ನಿತ್ಯಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಇದು ನಮ್ಮದಲ್ಲವೆಂದು ಅದನ್ನು ತಂದಲ್ಲಿಯೇ ಸುರಿದುಬರಲು ಹೇಳಿದವಳು ಆಕೆ. ಬಡತನವು ಆಕೆಗೆ ನೆಪವಾಗಲಿಲ್ಲ. ನಮ್ಮ ಸೀಮೆಯ ಈ ಬಡವಿ ಹಾಕಿಕೊಟ್ಟ ಅಳತೆಯನ್ನು ಉಳ್ಳವರಾದ ನಾವು ಮೊದಲು ಪಾಲಿಸಬೇಕಲ್ಲವೆ? ಕೊಳ್ಳುವ ಶಕ್ತಿಯಿದ್ದೂ ಕದ್ದ ಪ್ರತಿಯನ್ನು ನಾಲ್ಕು ಜನರಿಗೆ ಹಂಚುವವನಿಗೆ ಯಾವ ಸಮರ್ಥನೆಯೂ ಇಲ್ಲ.

ನ್ಯಾಯಾಲಯಕ್ಕೂ ಹಕ್ಕುದಾರರಿಗೂ ಹೇಳಬೇಕಾದ ಮಾತು ಮಸ್ಕಿಯ ಬಂಡೆಯಲ್ಲಿದೆ. ದೇವಾನಾಂಪ್ರಿಯನೇ ಅಶೋಕನೆಂದು ಲೋಕವು ನಿಸ್ಸಂದೇಹವಾಗಿ ಒಪ್ಪಲು ಎಪ್ಪತ್ತೆಂಟು ವರ್ಷ ಹಿಡಿಯಿತು. ಬಿರುದೊಂದು, ಇತಿಹಾಸಗ್ರಂಥವೊಂದು, ಶಿಲೆಯೊಂದು, ಈ ಮೂರು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆಯೇ ಹೆಸರು ನಿಶ್ಚಯವಾಯಿತು. ನ್ಯಾಯಾಲಯಕ್ಕೆ ಅಷ್ಟು ಕಾಲವಿಲ್ಲ ನಿಜ. ಆದರೆ ಅಷ್ಟು ಎಚ್ಚರವಿರಬಹುದು. ಸಂಖ್ಯೆಯೊಂದನ್ನೇ ನಂಬದೆ, ಸಾಕ್ಷಿಗೆ ಸಾಕ್ಷಿ ಹೊಂದಿಸಿ, ಆಮೇಲೆ ಅಶೋಕಕುಮಾರನ ಮುಖವಾಡವನ್ನು ತೆಗೆಯಲಿ. ಒಳಗೆ ನಿಜವಾದ ಕಳ್ಳನೇ ಇದ್ದರೆ ಕಾನೂನು ತನ್ನ ಕೆಲಸ ಮಾಡುವುದು; ನಿರಪರಾಧಿಯಿದ್ದರೆ ಅವನ ಹೆಸರು ಯಾರ ಬಾಯಿಗೂ ಬೀಳದೆ ಉಳಿಯುವುದು.

ಇನ್ನು ವಾಚಕರಾದ ನಿಮ್ಮಲ್ಲಿ ಒಂದು ವಿಜ್ಞಾಪನೆ. ನಾಳೆ ನಿಮ್ಮ ಮೊಬೈಲಿಗೆ ಒಂದು ಪದವೋ ಕಥೆಯೋ ಇಡೀ ಪುಸ್ತಕವೋ ಬಂದರೆ, ಮುಂದೆ ಕಳುಹಿಸುವ ಮುನ್ನ ಅದರಲ್ಲಿ ಬರೆದವನ ಹೆಸರಿದೆಯೇ ಎಂದು ಒಮ್ಮೆ ನೋಡಿ. ಹೆಸರು ಅಳಿಸಿದ್ದರೆ ಹುಡುಕಿ ಸೇರಿಸಿ. ಮಾರಾಟದಲ್ಲಿರುವ ಪುಸ್ತಕವಾಗಿದ್ದರೆ ಕಳುಹಿಸದೆ, ಎಲ್ಲಿ ಸಿಗುತ್ತದೆಂಬುದನ್ನು ತಿಳಿಸಿ. ಅಷ್ಟು ಮಾಡಿದರೆ ಸಾಕು, ಯಾವ ನ್ಯಾಯಾಲಯವೂ ನಿಮ್ಮನ್ನು ಹುಡುಕಿಕೊಂಡು ಬರಬೇಕಾಗಿಲ್ಲ.